ಗೋಡೆಗೆ ಬಿಳಿ ಬಣ್ಣ ಬಳಿದ ಮೇಲೆ ಉಳಿಯುವುದೇನು? ಭಾರತದ ವಿಡಿಯೊ ಕಲೆ, ಪರ್ಫಾರ್ಮೆನ್ಸ್ ಕಲೆ ಮತ್ತು ಅದರ ಕಲಾವಿದರು

1992ರಲ್ಲಿ ಕಲಾವಿದೆ ನಳಿನಿ ಮಲಾನಿ ಮುಂಬೈನ ಕೆಮೋಲ್ಡ್ ಗ್ಯಾಲರಿಯ ಗೋಡೆಗಳ ಮೇಲೆ ನೇರವಾಗಿ ಚಿತ್ರ ಬರೆದರು. ಕ್ಯಾನ್ವಾಸ್ ಇಲ್ಲ, ಚೌಕಟ್ಟಿಲ್ಲ, ಕೊಂಡು ಮನೆಗೆ ಒಯ್ಯುವಂಥದ್ದೂ ಅಲ್ಲ. ‘ಸಿಟಿ ಆಫ್ ಡಿಸೈರ್ಸ್’ ಎಂಬ ಆ ಪ್ರದರ್ಶನ ಸುಮಾರು ಎರಡು ವಾರ ನಡೆಯಿತು. ಮುಗಿದ ಮೇಲೆ ಗೋಡೆಗಳಿಗೆ ಮತ್ತೆ ಬಿಳಿ ಬಣ್ಣ ಬಿತ್ತು. ಇಂದು ಆ ಚಿತ್ರಗಳನ್ನು ನೋಡಬೇಕೆಂದರೆ ಆಗ ತೆಗೆದ ಫೋಟೊ ಮತ್ತು ವಿಡಿಯೊಗಳೇ ಗತಿ.

ವಿಡಿಯೊ ಕಲೆ ಮತ್ತು ಪರ್ಫಾರ್ಮೆನ್ಸ್ ಕಲೆಯ ಹೆಸರುಗಳು ಸಾಮಾನ್ಯವಾಗಿ ಜೊತೆಜೊತೆಗೇ ಕೇಳಿಬರಲು ಕಾರಣವೂ ಇದೇ. ಒಂದು ನಡೆದ ಕ್ಷಣದಲ್ಲೇ ಮುಗಿದುಹೋಗುತ್ತದೆ, ಇನ್ನೊಂದು ಅದನ್ನು ಹಿಡಿದಿಡುತ್ತದೆ. ಆದರೆ ಹಿಡಿದಿಟ್ಟ ದಾಖಲೆಯನ್ನೇ ಕೃತಿ ಎನ್ನಬಹುದೇ? ಆ ಟೇಪು ತಾನೇ ಎಷ್ಟು ವರ್ಷ ಬಾಳುತ್ತದೆ? ಮೊದಲ ತಲೆಮಾರಿನ ಕೆಲವರು ತೀರಿಕೊಂಡಿರುವ ಈ ಹೊತ್ತಿನಲ್ಲಿ ಇವು ಬರೀ ತರ್ಕದ ಪ್ರಶ್ನೆಗಳಲ್ಲ.

ಸಿನಿಮಾ ಅಲ್ಲ, ನಾಟಕವೂ ಅಲ್ಲ

ವಿಡಿಯೊ ಕಲೆ ಎಂದರೆ ಗ್ಯಾಲರಿಗೆಂದು ಮಾಡಿದ ಕಿರುಚಿತ್ರ ಎಂದುಕೊಳ್ಳುವವರು ಬಹಳ. ಅದು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಸಿನಿಮಾಕ್ಕೆ ಹೊತ್ತು ಗೊತ್ತು ಇದೆ, ಕೂರಲು ಕುರ್ಚಿ ಇದೆ. ವಿಡಿಯೊ ಕೃತಿಯಾದರೆ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತಲೇ ಇರುತ್ತದೆ. ನೋಡುವವರು ನಡುವೆ ಬಂದು ನಡುವೆಯೇ ಹೋಗಬಹುದು. ದೆಹಲಿಯ ಅಮರ್ ಕನ್ವರ್ ಅವರ ‘ದ ಲೈಟ್ನಿಂಗ್ ಟೆಸ್ಟಿಮನೀಸ್’ (2007) ಎಂಟು ಪರದೆಗಳಲ್ಲಿ ಏಕಕಾಲಕ್ಕೆ ಓಡುತ್ತದೆ. ಉಪಖಂಡದಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಲೈಂಗಿಕ ಹಿಂಸೆ ಅದರ ವಿಷಯ. ಎಂಟನ್ನೂ ಒಮ್ಮೆಗೇ ನೋಡಲಾಗುವುದಿಲ್ಲ. ಯಾವ ಪರದೆಗೆ ಬೆನ್ನು ಹಾಕಿ ನಿಲ್ಲಬೇಕು ಎಂಬುದನ್ನು ನೋಡಲು ಹೋದವರೇ ನಿರ್ಧರಿಸಬೇಕು. ಆ ಮುಜುಗರವೂ ಕೃತಿಯ ಭಾಗವೇ.

ಪರ್ಫಾರ್ಮೆನ್ಸ್ ಕಲೆಯನ್ನು ತಿಳಿಯಲು ಯಕ್ಷಗಾನದ ಪಕ್ಕದಲ್ಲಿಟ್ಟು ನೋಡಿದರೆ ಸುಲಭ. ಬಣ್ಣ ಹಚ್ಚಿದ ವೇಷಧಾರಿ ಕೌರವನಾಗುತ್ತಾನೆ. ಚೌಕಿಗೆ ಬಂದು ಬಣ್ಣ ತೆಗೆದರೆ ಮತ್ತೆ ತಾನಾಗುತ್ತಾನೆ. ಇಲ್ಲಿ ಹಾಗಲ್ಲ. ಕಲಾವಿದರ ಸ್ವಂತ ದೇಹವೇ ಇಲ್ಲಿನ ಸಾಮಗ್ರಿ. ಅದರ ಆಯಾಸ, ವಯಸ್ಸು, ಕಾಯಿಲೆ ಯಾವುದೂ ನಟನೆಯಲ್ಲ. ಮರೀನಾ ಅಬ್ರಮೊವಿಚ್ 2010ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ದಿನವಿಡೀ ಕುರ್ಚಿಯಲ್ಲಿ ಕುಳಿತು, ಎದುರು ಬಂದು ಕೂತವರ ಮುಖವನ್ನು ಮಾತಿಲ್ಲದೆ ನೋಡಿದರು. ಎಲ್ಲ ಸೇರಿ 700ಕ್ಕೂ ಹೆಚ್ಚು ಗಂಟೆ. ಕೃತಿ ಅಷ್ಟೇ. ‘ಇದರಲ್ಲೇನಿದೆ’ ಎಂದು ನಕ್ಕವರೂ ಇದ್ದರು, ಎದುರು ಕುಳಿತು ಅತ್ತವರೂ ಇದ್ದರು.

ಪಶ್ಚಿಮದಲ್ಲಿ ವಿಡಿಯೊ ಕಲೆಯ ಕಥೆ ಸಾಮಾನ್ಯವಾಗಿ ಕೊರಿಯಾ ಮೂಲದ ನಾಮ್ ಜೂನ್ ಪೈಕ್ ಅವರಿಂದ ಶುರುವಾಗುತ್ತದೆ. 1963ರಲ್ಲಿ ಜರ್ಮನಿಯ ವುಪರ್ಟಾಲ್‌ನಲ್ಲಿ ಅವರು ಟಿ.ವಿ. ಸೆಟ್ಟುಗಳ ಚಿತ್ರವನ್ನೇ ತಿರುಚಿ ಪ್ರದರ್ಶನಕ್ಕಿಟ್ಟರು. ಅದೇ ದಶಕದ ಕೊನೆಯಲ್ಲಿ ಸೋನಿ ಕಂಪನಿಯ ಪೋರ್ಟಾಪ್ಯಾಕ್ ಬಂದ ಮೇಲೆ ಒಬ್ಬರೇ ಹೊತ್ತು ತಿರುಗಬಹುದಾದ ವಿಡಿಯೊ ಕ್ಯಾಮೆರಾ ಕಲಾವಿದರ ಕೈಗೆ ಸಿಕ್ಕಿತು.

ಕಳೆದುಹೋದ ಒಂದು ರೀಲು

ಭಾರತದಲ್ಲಿ ಇದರ ಬೇರು ಹುಡುಕಿದರೆ ಸಿಗುವುದು ಮುಂಬೈ. ಚಿತ್ರಕಾರ ಅಕ್ಬರ್ ಪದಮಸೀ 1969ರಲ್ಲಿ ಅಲ್ಲಿ ‘ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್’ ಶುರು ಮಾಡಿದರು. ಚಿತ್ರಕಾರರು, ಫೋಟೊಗ್ರಾಫರ್‌ಗಳು, ಸಿನಿಮಾದವರು ಒಂದೇ ಕಡೆ ಕೂತು ಪ್ರಯೋಗ ಮಾಡುವ ಜಾಗ ಅದು. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ನಳಿನಿ ಮಲಾನಿ ತಮ್ಮ ಮೊದಲ ಫಿಲ್ಮ್‌ಗಳನ್ನು ಮಾಡಿದ್ದು ಅಲ್ಲಿ. ಅವರ ‘ಯುಟೋಪಿಯಾ’ (1969–76) ಎರಡು ಪ್ರೊಜೆಕ್ಷನ್‌ಗಳ ಕೃತಿ: ಒಂದೆಡೆ ಬಣ್ಣಬಣ್ಣದ ಕಟ್ಟಡ ಮಾದರಿ, ಹೊಸ ದೇಶದ ಕನಸಿನ ಊರು, ಪಕ್ಕದಲ್ಲೇ ಕಪ್ಪು-ಬಿಳುಪಿನಲ್ಲಿ, ನಗರದ ಕೊಳೆಗೇರಿಯತ್ತ ನೋಡುತ್ತ ನಿಂತ ಯುವತಿ. ಎರಡರ ನಡುವಿನ ಏಳು ವರ್ಷಗಳ ಭ್ರಮನಿರಸನಕ್ಕೆ ಬೇರೆ ವಿವರಣೆ ಬೇಕಿಲ್ಲ.

ಪದಮಸೀ ತಾವೂ ಎರಡು ಫಿಲ್ಮ್ ಮಾಡಿದರು. ‘ಸಿಜಿಜಿ’ ಉಳಿದಿದೆ. ‘ಈವೆಂಟ್ಸ್ ಇನ್ ಎ ಕ್ಲೌಡ್ ಚೇಂಬರ್’ ಎಂಬ ಇನ್ನೊಂದರ ಇದ್ದೊಂದು ಪ್ರತಿ ಕಳೆದೇ ಹೋಯಿತು. ನಾಲ್ಕು ದಶಕಗಳ ನಂತರ ನಿರ್ದೇಶಕ ಆಶಿಮ್ ಅಹ್ಲುವಾಲಿಯಾ ಇಳಿವಯಸ್ಸಿನ ಪದಮಸೀಯವರ ನೆನಪನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಮತ್ತೆ ಕಟ್ಟಲು ಹೊರಟರು. ಅದೇ ಹೆಸರಿನ ಹೊಸ ಚಿತ್ರ 2016ರಲ್ಲಿ ಬಂತು. ಪದಮಸೀ 2020ರಲ್ಲಿ ತೀರಿಕೊಂಡರು. ಆ ಕೆಲಸ ಇನ್ನು ನಾಲ್ಕು ವರ್ಷ ತಡವಾಗಿದ್ದರೆ ನೆನಪೂ ಸಿಗುತ್ತಿರಲಿಲ್ಲ.

1992ರ ನಂತರ

ಆ ಮೊದಲ ಪ್ರಯತ್ನಗಳು ಮುಂದುವರಿಯಲಿಲ್ಲ. ವಿಡಿಯೊ ಮತ್ತು ಪರ್ಫಾರ್ಮೆನ್ಸ್ ಭಾರತದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 1990ರ ದಶಕದಲ್ಲಿ. ವಿದೇಶಿ ಫ್ಯಾಷನ್ನಿನ ಅನುಕರಣೆ ಎಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಆದರೆ ಕಾಲಕ್ರಮ ಬೇರೆಯದನ್ನೇ ಹೇಳುತ್ತದೆ. ಅಯೋಧ್ಯೆಯ ಬಾಬರಿ ಮಸೀದಿ ಧ್ವಂಸ, ಅದರ ಬೆನ್ನಿಗೇ ಮುಂಬೈ ಗಲಭೆ. ಇವನ್ನು ಕಂಡ ಹಲವು ಚಿತ್ರಕಾರರಿಗೆ ಗೋಡೆಗೆ ತೂಗುಹಾಕುವ ಚಿತ್ರ ಸಾಲದು ಅನ್ನಿಸಿತು.

ಅವರಲ್ಲಿ ಮೊದಲು ನೆನೆಯಬೇಕಾದ ಹೆಸರು ರುಮಾನಾ ಹುಸೇನ್. ಹುಟ್ಟಿದ್ದು ಬೆಂಗಳೂರಿನಲ್ಲಿ, 1952ರಲ್ಲಿ. ಕೆಲಸ ಮಾಡಿದ್ದು ಮುಂಬೈನಲ್ಲಿ. ಗಲಭೆಯ ದಿನಗಳ ನಂತರ ಅವರು ಚಿತ್ರಕಲೆಯಿಂದ ದೂರ ಸರಿದು ಒಡೆದ ಮಡಕೆ, ಕನ್ನಡಿ, ಇಟ್ಟಿಗೆಪುಡಿಯಂಥ ವಸ್ತುಗಳನ್ನು ಕೈಗೆತ್ತಿಕೊಂಡರು. 1995ರಲ್ಲಿ ಮುಂಬೈನ ಎನ್‌ಸಿಪಿಎ ಅಂಗಳದಲ್ಲಿ ‘ಲಿವಿಂಗ್ ಆನ್ ದ ಮಾರ್ಜಿನ್ಸ್’ ಮಾಡಿದರು. ಕಾಲಿಗೆ ಗೆಜ್ಜೆ ಕಟ್ಟಿ, ಸೀಳಿದ ಪಪ್ಪಾಯಿ ಹಿಡಿದು, ಬಾಯಿ ಅಗಲವಾಗಿ ತೆರೆದು ನಡೆದರು. ಚೀರುವ ಬಾಯಿ, ಚೀರಾಟ ಮಾತ್ರ ಇಲ್ಲ. ಕೇಳಿಸಿದ್ದು ಗೆಜ್ಜೆಯ ಸದ್ದು. ಮುಸ್ಲಿಂ ಮಹಿಳೆಯೊಬ್ಬಳು ಆ ನಗರದಲ್ಲಿ, ಆ ವರ್ಷಗಳಲ್ಲಿ, ಸಾರ್ವಜನಿಕವಾಗಿ ನಿಂತು ಹೇಳಬಹುದಾದದ್ದನ್ನು ಅವರು ಒಂದು ಮಾತೂ ಆಡದೆ ಹೇಳಿದರು. ಇದನ್ನು ಕ್ಯಾನ್ವಾಸಿನ ಮೇಲೆ ಬರೆದಿದ್ದರೆ ಅದೇ ತೂಕ ಬರುತ್ತಿತ್ತೇ ಎಂಬುದು ಅನುಮಾನ.

ಕ್ಯಾನ್ಸರ್‌ನಿಂದ 1999ರಲ್ಲಿ ಅವರು ತೀರಿಕೊಂಡರು. ಇನ್ನೂ ಐವತ್ತು ತುಂಬಿರಲಿಲ್ಲ. ಅವರ ಪರ್ಫಾರ್ಮೆನ್ಸ್ ಎಂದು ಇಂದು ನೋಡಲು ಸಿಗುವುದು ಕೆಲವು ಫೋಟೊ, ಕೆಲವು ವಿಡಿಯೊ ತುಣುಕು. ಬೆಂಗಳೂರಿನವರಿಗೇ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ ಎಂಬುದು ಬೇಸರದ ಸಂಗತಿ.

ಮಲಾನಿಯವರ ದಾರಿ ಇನ್ನೊಂದು. ಕರಾಚಿಯಲ್ಲಿ 1946ರಲ್ಲಿ ಹುಟ್ಟಿ, ದೇಶ ವಿಭಜನೆಯಾದಾಗ ಕುಟುಂಬದೊಂದಿಗೆ ಭಾರತಕ್ಕೆ ಬಂದವರು ಅವರು. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಸಾದತ್ ಹಸನ್ ಮಾಂಟೊ ಅವರ ಕಥೆಯನ್ನು ಆಧರಿಸಿ ‘ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್’ ಕಟ್ಟಿದರು. ನೆಲದ ಮೇಲೆ ತಗಡಿನ ಟ್ರಂಕುಗಳು, ಅವುಗಳೊಳಗೆ ಟಿ.ವಿ. ಪರದೆಗಳು. ಟ್ರಂಕು ಎಂದರೆ ಮನೆ ಬಿಟ್ಟು ಓಡಿದವರ ಮನೆ. ಎದುರುಬದುರಿನ ಎರಡು ಗೋಡೆಗಳ ಮೇಲೆ ಇಬ್ಬರು ಹೆಂಗಸರು ಒಂದೇ ಸೀರೆಯನ್ನು ಮಡಿಸಲು ಹೆಣಗುತ್ತಾರೆ. ನಡುವೆ ಇಡೀ ಕೋಣೆಯ ಅಂತರ. ಸೀರೆಯ ತುದಿಗಳು ಕೂಡುವುದೇ ಇಲ್ಲ. ಅಮ್ಮನ ಜೊತೆ ಸೀರೆ ಮಡಿಸಲು ಒಂದು ತುದಿ ಹಿಡಿದು ನಿಂತ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ಮಲಾನಿಯವರಿಗೆ ಜಪಾನಿನ ಕ್ಯೋಟೊ ಪ್ರಶಸ್ತಿ ಬಂತು.

ವೇಷ, ಸಾರು, ಕೆರೆ

ಬೆಂಗಳೂರಿನ ಪುಷ್ಪಮಾಲಾ ಎನ್. ಬರೋಡದಲ್ಲಿ ಶಿಲ್ಪಕಲೆ ಕಲಿತವರು. 1990ರ ದಶಕದ ನಡುವೆ ಕಲ್ಲು-ಮಣ್ಣು ಬಿಟ್ಟು ತಮ್ಮನ್ನೇ ಶಿಲ್ಪವಾಗಿಸಿಕೊಂಡರು ಎನ್ನಬಹುದು. ‘ಫ್ಯಾಂಟಮ್ ಲೇಡಿ ಆರ್ ಕಿಸ್ಮತ್’ನಲ್ಲಿ ಸ್ಟಂಟ್ ಚಿತ್ರಗಳ ಫಿಯರ್‌ಲೆಸ್ ನಾಡಿಯಾಳನ್ನು ನೆನಪಿಸುವ ವೇಷ ತೊಟ್ಟು ಮುಂಬೈಯ ರಾತ್ರಿಗಳಲ್ಲಿ ಓಡಾಡಿದರು. ಕ್ಲೇರ್ ಆರ್ನಿ ಜೊತೆಗಿನ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ (2000–2004) ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ, ಬ್ರಿಟಿಷರು ಅಳತೆಪಟ್ಟಿಯ ಮುಂದೆ ನಿಲ್ಲಿಸಿ ಫೋಟೊ ತೆಗೆದ ಬುಡಕಟ್ಟಿನ ಹೆಣ್ಣೂ ಅವರೇ. ಒಂದು ಕ್ಯಾಲೆಂಡರಿನಲ್ಲಿ ಪೂಜೆಗೊಳ್ಳುವ ರೂಪ, ಇನ್ನೊಂದು ಕಡತದಲ್ಲಿ ಸಂಖ್ಯೆಯಾಗುವ ರೂಪ. ಎರಡೂ ಹೆಣ್ಣಿನ ಮೇಲೆ ಹೊರಿಸಿದ ವೇಷಗಳೇ ಎಂಬುದನ್ನು ಅವರು ನಗುತ್ತಲೇ ತೋರಿಸುತ್ತಾರೆ. ಊರೂರು ಸುತ್ತುವ ಹಗಲುವೇಷದವರನ್ನು ಕಂಡವರಿಗೆ ಈ ತಮಾಷೆಯ ಹಿಂದಿನ ಚುಚ್ಚು ಬೇಗ ಹಿಡಿಸುತ್ತದೆ.

ಮನೆಯ ಹಳೆಯ ಅಡುಗೆ ಟಿಪ್ಪಣಿಗಳಿಂದ ಹುಟ್ಟಿದ ವಿಡಿಯೊ ‘ರಾಷ್ಟ್ರೀಯ ಖೀರ್ ಮತ್ತು ದೇಶೀಯ ಸಲಾಡ್’ (2004) ಕೂಡ ಅವರದೇ. ಸ್ವಾತಂತ್ರ್ಯಾನಂತರದ ಆದರ್ಶ ಕುಟುಂಬದ ಅಣಕ ಅದು. 2017ರಲ್ಲಿ ಹತ್ಯೆಯಾದ ಗೆಳತಿ, ಪತ್ರಕರ್ತೆ ಗೌರಿ ಲಂಕೇಶ್ ನೆನಪಿಗೆ ಅವರು ಮಾಡಿದ್ದು ಒಂದು ಅಡುಗೆಯ ಪ್ರದರ್ಶನ. ಹೆಸರು ‘ಗೌರಿ ಲಂಕೇಶ್ಸ್ ಅರ್ಜೆಂಟ್ ಸಾರು’. ಭಾಷಣವಿಲ್ಲದ ಶ್ರದ್ಧಾಂಜಲಿ, ಕೆಲಸದ ನಡುವೆ ಗಡಿಬಿಡಿಯಲ್ಲಿ ಸಾರು ಕುದಿಸಿಕೊಳ್ಳುವವರಿಗೆಲ್ಲ ತಲುಪುವಂಥದ್ದು.

ಬೆಂಗಳೂರಿನವರೇ ಆದ ಸುರೇಖಾ ‘ಕೆರೆಗೆ ಹಾರ’ದ ಭಾಗೀರಥಿಯನ್ನು ವಿಡಿಯೊಗೆ ತಂದಿದ್ದಾರೆ. ಕನ್ನಡ ಬಲ್ಲವರು ಆ ಕೃತಿಯ ಮುಂದೆ ನಿಂತಾಗ ಕಥೆ ಮೊದಲೇ ಗೊತ್ತಿರುತ್ತದೆ. ಉಳಿದವರಿಗೆ ಕಾಣುವುದು ನೀರು ಮತ್ತು ಹೆಣ್ಣು. ಇವರಿಗೆ ಅವಳ ಅತ್ತೆ-ಮಾವಂದಿರೂ ಕಾಣುತ್ತಾರೆ.

ರೈಲಿನಲ್ಲಿ, ಮೊಬೈಲಿನಲ್ಲಿ

ಮುಂದಿನ ತಲೆಮಾರು ಗ್ಯಾಲರಿಯ ಬಾಗಿಲನ್ನೇ ದಾಟಿತು. ಶಿಲ್ಪಾ ಗುಪ್ತಾ ‘ಬ್ಲೇಮ್’ (2002–04) ಕೃತಿಗಾಗಿ ನಕಲಿ ರಕ್ತ ತುಂಬಿದ ಪುಟ್ಟ ಬಾಟಲಿಗಳನ್ನು ಮುಂಬೈ ಲೋಕಲ್ ರೈಲುಗಳಲ್ಲಿ ಸರಕು ಮಾರುವವರಂತೆ ಹಿಡಿದು ಹೊರಟರು. ಹುಟ್ಟಿನಿಂದ ಬಂದ ಧರ್ಮಕ್ಕೆ, ದೇಶಕ್ಕೆ ಯಾರನ್ನೋ ದೂರುವ ಚಾಳಿಯ ಬಗ್ಗೆ ಅದರ ಲೇಬಲ್ ಮಾತಾಡುತ್ತಿತ್ತು. ಮುಂಬೈನ ‘ಕ್ಯಾಂಪ್’ ಬಳಗದ ‘ಫ್ರಂ ಗಲ್ಫ್ ಟು ಗಲ್ಫ್ ಟು ಗಲ್ಫ್’ (2013) ಸಿದ್ಧವಾದದ್ದು ಹೆಚ್ಚಾಗಿ ಕಛ್ ಕಡೆಯ ನಾವಿಕರು ಮೊಬೈಲಿನಲ್ಲಿ ತೆಗೆದ ದೃಶ್ಯಗಳಿಂದ, ಅವರು ಅದಕ್ಕೆ ಜೋಡಿಸಿಕೊಂಡ ಹಾಡುಗಳ ಸಮೇತ. ನಿಖಿಲ್ ಚೋಪ್ರಾ 2019ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನೊಳಗೇ ಒಂಬತ್ತು ದಿನ ವಾಸವಿದ್ದು, ವೇಷ ಬದಲಿಸುತ್ತ, ಚಿತ್ರ ಬರೆಯುತ್ತ ಕಳೆದರು.

ಟೇಪು ಹಾಳಾದರೆ?

ವಿಡಿಯೊ ಕೃತಿಯನ್ನು ಕೊಳ್ಳುವುದೂ ವಿಚಿತ್ರ ವ್ಯವಹಾರ. ಎಷ್ಟು ಬೇಕಾದರೂ ನಕಲು ಮಾಡಬಹುದಾದದ್ದನ್ನು ಕಲಾವಿದರು ಕೆಲವೇ ಪ್ರತಿಗಳಿಗೆ ಮಿತಗೊಳಿಸಿ, ಸಹಿ ಹಾಕಿದ ಪ್ರಮಾಣಪತ್ರದೊಂದಿಗೆ ಮಾರುತ್ತಾರೆ. ಆದರೆ ಕೊಂಡವರ ಬಳಿ ಇರುವುದು ಕೆಲವೊಮ್ಮೆ ವಿಎಚ್‌ಎಸ್, ಹೈ-8, ಮಿನಿ ಡಿವಿ ಟೇಪು. ಹಾಕಿ ನೋಡಲು ಯಂತ್ರವೇ ಸಿಗುವುದಿಲ್ಲ. ಕೆಲವು ದಶಕಗಳಲ್ಲಿ ಟೇಪಿನ ಲೇಪನವೂ ಕೆಡುತ್ತದೆ. ಮುಂಬೈ, ಚೆನ್ನೈನಂಥ ಕಡಲತೀರದ ತೇವದಲ್ಲಿ ಇನ್ನೂ ಬೇಗ. ದಪ್ಪ ಬೆನ್ನಿನ ಹಳೆಯ ಟಿ.ವಿ.ಗಾಗಿಯೇ ಮಾಡಿದ ಕೃತಿಯನ್ನು ತೆಳುವಾದ ಪರದೆಗೆ ವರ್ಗಾಯಿಸಿದರೆ ಚಿತ್ರ ಉಳಿದೀತು, ವಸ್ತು ಹೋಗುತ್ತದೆ.

ಪರ್ಫಾರ್ಮೆನ್ಸ್ ಉಳಿಸುವುದು ಇನ್ನೂ ಕಷ್ಟ. ಅಬ್ರಮೊವಿಚ್ ತಮ್ಮ ಹಳೆಯ ಕೃತಿಗಳನ್ನು ಬೇರೆಯವರಿಗೆ ಕಲಿಸಿ ಮತ್ತೆ ಮಾಡಿಸಿದರು. ಎಲ್ಲಕ್ಕೂ ಇದು ಒಗ್ಗುವುದಿಲ್ಲ. 1995ರ ಮುಂಬೈನಲ್ಲಿ ರುಮಾನಾ ಹುಸೇನ್ ತೆರೆದ ಬಾಯಿಯನ್ನು ಬೇರೆ ಯಾರು ತೆರೆದರೂ ಅದು ಬೇರೆಯದೇ ಕೃತಿ.

ನೋಡಬೇಕೆನ್ನುವವರಿಗೆ ದಾರಿಗಳಿವೆ. ದೆಹಲಿಯ ಖಿಡ್ಕಿ ಎಕ್ಸ್‌ಟೆನ್ಷನ್‌ನಲ್ಲಿರುವ ಖೋಜ್ 1997ರಿಂದ ಇಂಥ ಪ್ರಯೋಗಗಳಿಗೆ ಜಾಗ ಕೊಡುತ್ತಿದೆ. ಬೆಂಗಳೂರಿನಲ್ಲಿ 1 ಶಾಂತಿರೋಡ್ ಇದೆ. 2012ರಲ್ಲಿ ಆರಂಭವಾದ ಕೊಚ್ಚಿ-ಮುಜಿರಿಸ್ ಬಿನಾಲೆಯ ಆರನೆಯ ಆವೃತ್ತಿಯನ್ನು ರೂಪಿಸುವ ಹೊಣೆ ನಿಖಿಲ್ ಚೋಪ್ರಾ ಮತ್ತು ಅವರ ಗೋವಾದ ಬಳಗಕ್ಕೇ ಸಿಕ್ಕಿತು. ಮನೆಯಲ್ಲೇ ಕೂತು ನೋಡುವವರಿಗೆ, ಕ್ಯಾಂಪ್ ಮತ್ತು ಜೊತೆಗಾರರು 2008ರಲ್ಲಿ ತೆರೆದ ‘ಪ್ಯಾಡ್.ಮಾ’ ಎಂಬ ಉಚಿತ ಆನ್‌ಲೈನ್ ಭಂಡಾರವಿದೆ. ಅಲ್ಲಿ ಪೂರ್ಣಗೊಂಡ ಚಿತ್ರಗಳಿಗಿಂತ ಕತ್ತರಿಸದ ಮೂಲ ದೃಶ್ಯಗಳೇ ಹೆಚ್ಚು, ನಿಮಿಷ ನಿಮಿಷಕ್ಕೂ ಟಿಪ್ಪಣಿ ಸಹಿತ. ಗ್ಯಾಲರಿಗೆ ಹೋದವರು ಮಾತ್ರ ಕತ್ತಲ ಕೋಣೆಯೊಳಗೆ ಕಾಲಿಟ್ಟ ಎರಡೇ ನಿಮಿಷಕ್ಕೆ ಹೊರಬರಬಾರದು. ಬಾಗಿಲ ಪಕ್ಕದ ಚೀಟಿಯಲ್ಲಿ ಕೃತಿಯ ಅವಧಿ ಬರೆದಿರುತ್ತದೆ. ಹನ್ನೊಂದು ನಿಮಿಷ ಎಂದಿದ್ದರೆ ಹನ್ನೊಂದು ನಿಮಿಷವೂ ನಿಲ್ಲಬೇಕು.