ಸಹಪಾಠಿಗಳೇ ಭಾಗಿಗಳಾದಾಗ: ಅಂತರರಾಷ್ಟ್ರೀಯ ವಿಜ್ಞಾನ ಮೇಳದ ಮನೋವಿಜ್ಞಾನ ಯೋಜನೆಗಳಲ್ಲಿ ಮಾದರಿಯ ಪ್ರಶ್ನೆ

ಅಮೆರಿಕದ ಸೊಸೈಟಿ ಫಾರ್ ಸೈನ್ಸ್ ನಡೆಸುವ ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳವು 1950ರಲ್ಲಿ ಫಿಲಡೆಲ್ಫಿಯಾದಲ್ಲಿ ರಾಷ್ಟ್ರೀಯ ಮೇಳವಾಗಿ ಆರಂಭಗೊಂಡು, 1958ರಲ್ಲಿ ಹೊರದೇಶಗಳ ವಿದ್ಯಾರ್ಥಿಗಳಿಗೂ ತೆರೆದುಕೊಂಡಿತು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರು ಸ್ಪರ್ಧಿಸುವ ಈ ಮೇಳದಲ್ಲಿ ಮನೋವಿಜ್ಞಾನದ ಯೋಜನೆಗಳು ‘ವರ್ತನಾ ಮತ್ತು ಸಮಾಜ ವಿಜ್ಞಾನಗಳು’ ವಿಭಾಗಕ್ಕೆ ಸೇರುತ್ತವೆ. ಇವುಗಳಿಗೆ ಕೈಗೆ ಸುಲಭವಾಗಿ ಸಿಗುವ ಭಾಗಿಗಳೆಂದರೆ ಸಂಶೋಧಕ ವಿದ್ಯಾರ್ಥಿಯ ಸಹಪಾಠಿಗಳೇ. ಸುಲಭವಾಗಿ ದೊರೆತವರನ್ನೇ ಆರಿಸಿಕೊಳ್ಳುವ ಇಂಥ ‘ಅನುಕೂಲ ಮಾದರಿ’ಯಿಂದ ಇಡೀ ಜನಸಮುದಾಯದ ಕುರಿತು ತೀರ್ಮಾನಕ್ಕೆ ಬರಲಾಗದೆಂಬುದು ಹಳೆಯ ಆಕ್ಷೇಪ. ಡೇವಿಡ್ ಸಿಯರ್ಸ್ 1986ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನೇ ನೆಚ್ಚಿಕೊಂಡ ಸಾಮಾಜಿಕ ಮನೋವಿಜ್ಞಾನವನ್ನು ಈ ನೆಲೆಯಿಂದ ಟೀಕಿಸಿದರು. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಅದೇ ಆಕ್ಷೇಪವನ್ನು ಪಾಶ್ಚಾತ್ಯ ಸಮಾಜಗಳ ಮಾದರಿಗಳಿಗೆಲ್ಲ ವಿಸ್ತರಿಸಿದರು. ಇದರಲ್ಲಿ ಈಗ ವಿವಾದವೇನೂ ಉಳಿದಿಲ್ಲ.

ವಿವಾದಕ್ಕೆ ಎಡೆಯಿರುವುದು, ಶಾಲಾ ಯೋಜನೆಗಳ ಮುಖ್ಯ ದೌರ್ಬಲ್ಯವೂ ಇದೇ ಎಂದು ಭಾವಿಸುವಲ್ಲಿ. ವಿದ್ಯಾರ್ಥಿ ವಯಸ್ಸಿನವರು ಅಧಿಕಾರಕ್ಕೆ ಬೇಗ ಮಣಿಯುತ್ತಾರೆಂಬುದನ್ನು ಸಿಯರ್ಸ್ ಗುರುತಿಸಿದ್ದರೂ, ಅದನ್ನು ಭಾಗಿಗಳ ಗುಣವೆಂದೇ ಎಣಿಸಿದರು. ಕೇಳುವವನೂ ಉತ್ತರಿಸುವವನೂ ಒಂದೇ ಬೆಂಚಿನವರಾಗಿದ್ದಾಗ ಪ್ರಶ್ನೆ ಗುಣದ್ದಲ್ಲ, ಸಂಬಂಧದ್ದು. ಇದಕ್ಕೆ ಮಾರ್ಟಿನ್ ಓರ್ನ್ 1962ರ ಲೇಖನದಲ್ಲಿ ವಿವರಿಸಿದ ‘ಅಪೇಕ್ಷಾ ಸೂಚನೆ’ಗಳು, ಅಂದರೆ ಪ್ರಯೋಗಕಾರನಿಗೆ ಬೇಕಾದುದೇನೆಂಬುದನ್ನು ಭಾಗಿಗೆ ಊಹಿಸಗೊಡುವ ಸುಳಿವುಗಳು, ಹೆಚ್ಚು ಹತ್ತಿರದ ಆಧಾರವಾಗಿವೆ. ಓರ್ನ್ ಕೆಲವು ಪರಿಚಿತರನ್ನು ಒಂದು ಉಪಕಾರ ಮಾಡಬಹುದೇ ಎಂದು ಕೇಳಿ, ಒಪ್ಪಿದವರಿಗೆ ಐದು ದಂಡ ಹೊಡೆಯಲು ಹೇಳಿದಾಗ ಅವರು ಬೆರಗಾಗಿ ಕಾರಣ ಕೇಳಿದರು. ಅದನ್ನೇ ಪ್ರಯೋಗವೆಂದು ಹೇಳಿದಾಗ ಇನ್ನೊಂದು ಗುಂಪಿನವರು ಎಲ್ಲಿ ಹೊಡೆಯಬೇಕೆಂದಷ್ಟೇ ಕೇಳಿದರು. ಓರ್ನ್ ಬೇರ್ಪಡಿಸಿದ ಈ ಎರಡು ಸನ್ನಿವೇಶಗಳು ಶಾಲೆಯಲ್ಲಿ ಒಂದಾಗುತ್ತವೆ: ಗೆಳೆಯನ ಕೋರಿಕೆ ಉಪಕಾರವೂ ಹೌದು, ಪ್ರಯೋಗವೂ ಹೌದು.

ಹಾಗಿದ್ದಲ್ಲಿ, ಇಂಥ ಯೋಜನೆಗಳಲ್ಲಿ ಮಾದರಿಯ ಕಿರಿದುತನಕ್ಕಿಂತ ಉತ್ತರಗಳು ಸಂಶೋಧಕ ವಿದ್ಯಾರ್ಥಿಯ ಊಹೆಯ ಕಡೆಗೇ ವಾಲುವುದು ಹೆಚ್ಚು ಗಂಭೀರವಾದ ದೋಷವೆಂದು ಹೇಳಬಹುದು; ಭಾಗಿಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಈ ವಾಲುವಿಕೆ ತಗ್ಗುವುದಿಲ್ಲ, ಬದಲಿಗೆ ಸಂಖ್ಯಾಶಾಸ್ತ್ರೀಯ ಖಚಿತತೆಯ ವೇಷ ತೊಡುತ್ತದೆ. ಈ ಮಾತಿಗೆ ಮಿತಿಗಳುಂಟು. ಒತ್ತಡ, ನಿದ್ರೆ, ಮೊಬೈಲ್ ಬಳಕೆ ಮೊದಲಾದವುಗಳ ಬಗ್ಗೆ ಭಾಗಿಗಳು ತಾವೇ ನೀಡುವ ‘ಸ್ವಯಂವರದಿ’ಗಳಿಗೆ ಇದು ಅನ್ವಯಿಸುವಷ್ಟು, ಬಣ್ಣದ ಹೆಸರನ್ನು ಬೇರೊಂದು ಬಣ್ಣದ ಶಾಯಿಯಲ್ಲಿ ತೋರಿಸಿ ಪ್ರತಿಕ್ರಿಯೆಯ ವೇಗವನ್ನಳೆಯುವ ಸ್ಟ್ರೂಪ್ ಪರೀಕ್ಷೆಗೆ ಬಹುಶಃ ಅನ್ವಯಿಸದು. ಗೆಳೆಯನ ಊಹೆಯನ್ನು ಬೇಕೆಂದೇ ಸುಳ್ಳಾಗಿಸುವ ತುಂಟರೂ ತರಗತಿಯಲ್ಲಿ ಇರುತ್ತಾರಾದ್ದರಿಂದ ವಾಲುವಿಕೆ ಎಲ್ಲೆಡೆ ಒಂದೇ ದಿಕ್ಕಿನದೆಂದೂ ಹೇಳಲಾಗದು. ಅಪರಿಚಿತರ ಮುಂದೆ ಮುಚ್ಚಿಡುವುದನ್ನು ಗೆಳೆಯನೊಡನೆ ಹಂಚಿಕೊಳ್ಳುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಮನುಷ್ಯರನ್ನು ಒಳಗೊಳ್ಳುವ ಯೋಜನೆಗೆ, ಕೆಲಸ ಆರಂಭಿಸುವ ಮುನ್ನವೇ, ಶಿಕ್ಷಕರು, ಶಾಲಾ ಆಡಳಿತಗಾರರು ಹಾಗೂ ವೈದ್ಯಕೀಯ ಅಥವಾ ಮಾನಸಿಕ ಆರೋಗ್ಯದ ತಜ್ಞರಿರುವ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕೆಂಬುದು ಮೇಳದ ನಿಯಮ. ಮಂಡಳಿಯ ಗಮನ ಮುಖ್ಯವಾಗಿ ಭಾಗಿಗಳಿಗಾಗುವ ಅಪಾಯದ ಮೇಲೆ, ಸಮ್ಮತಿಯ ಮೇಲೆ. ಅದು ಸರಿಯೇ, ಆದರೆ ಗೆಳೆಯನಿಗೆ ಇಲ್ಲವೆನ್ನಲಾರದ ಮುಜುಗರವು ಸಮ್ಮತಿಯ ಸ್ವಾತಂತ್ರ್ಯವನ್ನೂ ದತ್ತಾಂಶದ ವಿಶ್ವಾಸಾರ್ಹತೆಯನ್ನೂ ಒಟ್ಟಿಗೆ ತಟ್ಟುವುದರಿಂದ, ಇಲ್ಲಿ ನೈತಿಕ ಪರಿಶೀಲನೆಯನ್ನು ವಿಧಾನದ ಪರಿಶೀಲನೆಯಿಂದ ಬೇರೆಯಾಗಿಡುವುದು ಕಷ್ಟ.

ಒಂದೇ ಪ್ರಶ್ನಾವಳಿಯನ್ನು ಯಾದೃಚ್ಛಿಕವಾಗಿ ಕೆಲವರಿಗೆ ಸಹಪಾಠಿಯಿಂದಲೂ ಉಳಿದವರಿಗೆ ಅಪರಿಚಿತರಿಂದಲೂ ಕೊಡಿಸಿ ಉತ್ತರಗಳನ್ನು ಹೋಲಿಸಿದರೆ ಈ ವಾಲುವಿಕೆಯ ಪ್ರಮಾಣವನ್ನು ಅಳೆಯಬಹುದು. ಅಂಥ ಅಧ್ಯಯನವನ್ನು ವಿದ್ಯಾರ್ಥಿಯೊಬ್ಬ ತನ್ನ ಶಾಲೆಯಲ್ಲೇ ಕೈಗೊಂಡರೆ, ಎರಡೂ ಗುಂಪಿನವರನ್ನು ಒಪ್ಪಿಸಿ ಕರೆತರುವ ಹಂತದಲ್ಲೇ ಅದೇ ಸಂಬಂಧ ನುಸುಳದಂತೆ ತಡೆಯುವ ಬಗೆ ಹೇಗೆಂಬುದು ಇನ್ನೂ ಇತ್ಯರ್ಥವಾಗಬೇಕಿದೆ.