ಒಂದು ಹಾಡಿಗೆ ಎಷ್ಟು ಜನ ಒಡೆಯರು?



ಇತಿಹಾಸ ಎಂದ ಕೂಡಲೆ ನಿಮಗೆ ಅರಸರು, ಯುದ್ಧಗಳು, ಶಾಸನಗಳು ನೆನಪಾಗುವುದು ಸಹಜ. ಒಂದು ಶಾಸನ ಸಿಕ್ಕಾಗ ಇತಿಹಾಸಕಾರರು ಏನು ಕೇಳುತ್ತಾರೆ? ಇದನ್ನು ಬರೆಸಿದವರು ಯಾರು, ಪಾಠ ರಚಿಸಿದವರು ಯಾರು, ಕಲ್ಲಿನ ಮೇಲೆ ಕಂಡರಿಸಿದವರು ಯಾರು, ದಾನ ಯಾರಿಗೆ ಸಂದಿತು ಎಂದು ಕೇಳುತ್ತಾರೆ. ನೀವು ದಿನವೂ ಕೇಳುವ ಹಾಡಿಗೂ ಇವೇ ಪ್ರಶ್ನೆಗಳನ್ನು ಹಾಕಬಹುದು. ಈ ಲೇಖನದಲ್ಲಿ ಸುಮಾರು ನಾಲ್ಕು ನಿಮಿಷದ ಒಂದು ಇಂಗ್ಲಿಷ್ ಹಾಡನ್ನು ಎದುರಿಗಿಟ್ಟುಕೊಂಡು ಹಾಗೆ ಕೇಳಿ ನೋಡೋಣ.

ಹಾಡಿನ ಹೆಸರು 'ಪ್ರಿನ್ಸೆಸ್ ಆಫ್ ಚೈನಾ', ಅಂದರೆ ಚೀನಾದ ರಾಜಕುಮಾರಿ. ಹಾಡಿದವರು ಬ್ರಿಟನ್ನಿನ ರಾಕ್ ತಂಡವಾದ ಕೋಲ್ಡ್‌ಪ್ಲೇ ಮತ್ತು ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿದ ಪಾಪ್ ಗಾಯಕಿ ರಿಹಾನಾ. 2011ರ ಅಕ್ಟೋಬರಿನಲ್ಲಿ ಹೊರಬಂದ ಕೋಲ್ಡ್‌ಪ್ಲೇಯ 'ಮೈಲೋ ಕ್ಸೈಲೋಟೋ' ಎಂಬ ಆಲ್ಬಮ್ಮಿನ 14 ಹಾಡುಗಳಲ್ಲಿ ಇದು ಹತ್ತನೆಯದು. 2012ರಲ್ಲಿ ಇದೊಂದನ್ನೇ ಬೇರೆಯಾಗಿ ಬಿಡುಗಡೆ ಮಾಡಿದರು. ಹೀಗೆ ಬಿಡಿಯಾಗಿ ಬರುವ ಹಾಡಿಗೆ 'ಸಿಂಗಲ್' ಎನ್ನುತ್ತಾರೆ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 4ನೇ ಸ್ಥಾನಕ್ಕೂ ಅಮೆರಿಕದಲ್ಲಿ 20ನೇ ಸ್ಥಾನಕ್ಕೂ ಏರಿತು.

ರಾಕ್ ತಂಡ ಎಂದರೆ ಗಿಟಾರ್, ಬಾಸ್ ಗಿಟಾರ್, ಡ್ರಮ್ ಎಂಬುದು ರೂಢಿ. ಆದರೆ ಈ ಹಾಡಿನಲ್ಲಿ ಗಿಟಾರು ಹಿಂದಕ್ಕೆ ಸರಿದಿದೆ. ಸಿಂಥಸೈಸರಿನ ದಪ್ಪ ನಾದ ಮುಂದೆ ಬಂದು ನಿಂತಿದೆ. ಆಗ ಈ ಹಾಡು ಯಾರದು? ನುಡಿಸಿದ ತಂಡದ್ದೇ? ಕೊರಳು ಕೊಟ್ಟ ಗಾಯಕಿಯದೇ? ಸದ್ದು ಹೊರಡಿಸಿದ ಯಂತ್ರದ್ದೇ? ಉತ್ತರ ಹುಡುಕಲು ನಾವು ಹಲವು ದಶಕಗಳಷ್ಟು ಹಿಂದಕ್ಕೆ ಹೋಗಬೇಕು.

ಯಂತ್ರದ ಭಯ

ಇಂದು ರಾಕ್ ಸಂಗೀತದ ಗುರುತೇ ಆಗಿರುವ ವಿದ್ಯುತ್ ಗಿಟಾರನ್ನೂ ಒಂದು ಕಾಲದಲ್ಲಿ ಜನ ಅನುಮಾನದಿಂದ ನೋಡಿದ್ದರು. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜನಪದ ಸಂಗೀತೋತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರ್ ಹಿಡಿದು ವೇದಿಕೆಗೆ ಬಂದಾಗ ಸಭಿಕರಲ್ಲಿ ಹಲವರು ಕೂಗಿ ಅಸಮಾಧಾನ ತೋರಿಸಿದರು. ಅದರ ಹಿಂದಿನ ವರ್ಷವೇ, ಅಂದರೆ 1964ರಲ್ಲಿ, ರಾಬರ್ಟ್ ಮೂಗ್ ಎಂಬ ಅಮೆರಿಕದ ಎಂಜಿನಿಯರ್ ತಮ್ಮ ಸಿಂಥಸೈಸರನ್ನು ಜನರ ಮುಂದಿಟ್ಟಿದ್ದರು. ತಂತಿಯೂ ಇಲ್ಲದ, ಚರ್ಮವೂ ಇಲ್ಲದ, ಕೊಳಲಿನ ರಂಧ್ರವೂ ಇಲ್ಲದ ಈ ಪೆಟ್ಟಿಗೆ ವಿದ್ಯುತ್ತಿನ ಕಂಪನಗಳಿಂದಲೇ ನಾದವನ್ನು ಹುಟ್ಟಿಸುತ್ತಿತ್ತು.

ರಾಕ್ ಸಂಗೀತಗಾರರೆಲ್ಲ ಇದನ್ನು ಕೈಚಾಚಿ ಸ್ವಾಗತಿಸಲಿಲ್ಲ. ಪಾರ್ಸಿ ಮನೆತನದಲ್ಲಿ ಹುಟ್ಟಿ, ನಮ್ಮ ನೆರೆಯ ಮಹಾರಾಷ್ಟ್ರದ ಪಂಚಗಣಿಯಲ್ಲಿ ಶಾಲೆ ಕಲಿತ ಫ್ರೆಡ್ಡಿ ಮರ್ಕ್ಯುರಿಯ 'ಕ್ವೀನ್' ತಂಡವನ್ನೇ ನೋಡಿ. 1970ರ ದಶಕದಲ್ಲಿ ಅವರು ತಮ್ಮ ಆಲ್ಬಮ್ಮುಗಳ ಹೊದಿಕೆಯ ಮೇಲೆ, ಇದರಲ್ಲಿ ಸಿಂಥಸೈಸರ್ ಬಳಸಿಲ್ಲ ಎಂದು ಹೆಮ್ಮೆಯಿಂದ ಅಚ್ಚು ಹಾಕಿಸುತ್ತಿದ್ದರು. 1980ರಲ್ಲಿ ಅದೇ ತಂಡ ಸಿಂಥಸೈಸರನ್ನು ಕೈಗೆತ್ತಿಕೊಂಡಿತು. 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಒಕ್ಕೂಟದ ಲಂಡನ್ ಶಾಖೆಯೊಂದು ಈ ಯಂತ್ರವನ್ನು ನಿಷೇಧಿಸಬೇಕೆಂದು ನಿರ್ಣಯ ಮಾಡಿತ್ತು. ಪಿಟೀಲು, ತುತ್ತೂರಿ ನುಡಿಸಿ ಬದುಕುವವರ ಅನ್ನಕ್ಕೆ ಕುತ್ತು ಬಂದೀತು ಎಂಬುದು ಅವರ ಆತಂಕ. ಆ ಆತಂಕವನ್ನು ನಾವು ನಗೆಯಾಡಬೇಕಿಲ್ಲ. ಹೊಟ್ಟೆಪಾಡಿನ ಪ್ರಶ್ನೆ ಎಂದೂ ಸಣ್ಣದಲ್ಲ.

ನಮ್ಮಲ್ಲಿಯೂ ಇಂಥ ಕಥೆ ಉಂಟು. ಯುರೋಪಿನಿಂದ ಬಂದ ಹಾರ್ಮೋನಿಯಮ್ಮಿಗೆ ಭಾರತೀಯ ಸಂಗೀತದ ಗಮಕ, ಮೀಂಡುಗಳು ಒಲಿಯವು ಎಂಬ ಕಾರಣಕ್ಕೆ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಇಂದು ಭಜನೆಯ ಮನೆಯಲ್ಲಿ, ನಾಟಕದ ರಂಗದಲ್ಲಿ ಹಾರ್ಮೋನಿಯಂ ಕಂಡರೆ ಯಾರಾದರೂ ಅದನ್ನು ಪರದೇಶಿ ಯಂತ್ರ ಎನ್ನುತ್ತಾರೆಯೇ? ಒಂದು ತಲೆಮಾರಿಗೆ ಯಂತ್ರವೆನಿಸಿದ್ದು ಮುಂದಿನ ತಲೆಮಾರಿಗೆ ವಾದ್ಯವಾಗುತ್ತದೆ.

ಮ್ಯೂನಿಕ್ಕಿನಿಂದ ಬಂದ ಹಾಡು

ಯಂತ್ರ ಮತ್ತು ಕೊರಳು ಕೂಡಿದಾಗ ಏನಾಗಬಲ್ಲದು ಎಂಬುದನ್ನು ಜಗತ್ತಿಗೆ ತೋರಿಸಿದ ಹಾಡು 1977ರ 'ಐ ಫೀಲ್ ಲವ್'. ಹಾಡಿದವರು ಅಮೆರಿಕದ ಗಾಯಕಿ ಡಾನಾ ಸಮ್ಮರ್. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅದನ್ನು ರೂಪಿಸಿದವರು ಜಾರ್ಜಿಯೋ ಮೊರೋಡರ್ ಮತ್ತು ಪೀಟ್ ಬೆಲೊಟ್ಟಿ. ವಾದ್ಯಗಳ ನಾದವೆಲ್ಲ ಹೆಚ್ಚುಕಡಿಮೆ ಮೂಗ್ ಸಿಂಥಸೈಸರಿನದೇ. ಆದರೆ ಒಂದು ಸಂಗತಿ ಗಮನಿಸಿ: ಅದರ ದೊಡ್ಡ ಡ್ರಮ್ಮಿನ ಪೆಟ್ಟನ್ನು ಯಂತ್ರದಿಂದ ತೃಪ್ತಿಕರವಾಗಿ ಹೊರಡಿಸಲಾಗದೆ ಕೀತ್ ಫೋರ್ಸಿ ಎಂಬ ಡ್ರಮ್ ವಾದಕರು ಕುಳಿತು ನುಡಿಸಿದರು. ಪೂರಾ ಯಂತ್ರದ್ದೆಂದು ಹೆಸರಾದ ಹಾಡಿನ ಎದೆಬಡಿತ ಒಬ್ಬ ಮನುಷ್ಯನದು!

ಆ ದಿನಗಳಲ್ಲಿ ಗಾಯಕ ಡೇವಿಡ್ ಬೋವಿ ಬರ್ಲಿನ್ನಿನಲ್ಲಿ ಧ್ವನಿಮುದ್ರಣ ನಡೆಸುತ್ತಿದ್ದರು. ಜೊತೆಯಲ್ಲಿದ್ದ ಬ್ರಯನ್ ಈನೋ ಈ ಹಾಡನ್ನು ಹಿಡಿದು ಓಡಿಬಂದು, ನಾಳೆಯ ಸಂಗೀತ ಇದೇ ಎಂದರಂತೆ. ಇದನ್ನು ಬೋವಿಯವರೇ ಮುಂದೆ ಹೇಳಿಕೊಂಡಿದ್ದಾರೆ. ಈನೋ ಎಂಬ ಈ ಹೆಸರನ್ನು ನೆನಪಿಡಿ. ಮೂವತ್ತೊಂದು ವರ್ಷಗಳ ಬಳಿಕ, 2008ರಲ್ಲಿ, ಕೋಲ್ಡ್‌ಪ್ಲೇಯ ಆಲ್ಬಮ್ ನಿರ್ಮಿಸಿದವರಲ್ಲಿ ಅವರೂ ಒಬ್ಬರು. 'ಮೈಲೋ ಕ್ಸೈಲೋಟೋ'ದಲ್ಲಿಯೂ ಅವರ ಕೈ ಇದೆ. ಹೀಗೆ ಗುರುಪರಂಪರೆ ಎಂಬುದು ರಾಕ್ ಸಂಗೀತದಲ್ಲಿಯೂ ಇದೆ. ಅದು ಹೆಚ್ಚಾಗಿ ಸ್ಟುಡಿಯೋದ ಗೋಡೆಗಳ ಒಳಗೆ ನಡೆಯುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಸದ್ದು ಸಂಖ್ಯೆಯಾದಾಗ

1979ರಲ್ಲಿ ಆಸ್ಟ್ರೇಲಿಯಾದಿಂದ ಫೇರ್‌ಲೈಟ್ ಎಂಬ ಯಂತ್ರ ಬಂದಿತು. ಇದು ಹೊರಗಿನ ಯಾವುದೇ ಸದ್ದನ್ನು ಹಿಡಿದು, ಸಂಖ್ಯೆಗಳಾಗಿ ಮಾಡಿ ನೆನಪಿನಲ್ಲಿಟ್ಟುಕೊಂಡು, ಬೇಕಾದ ಸ್ವರದಲ್ಲಿ ಮರಳಿ ಹೊರಡಿಸುತ್ತಿತ್ತು. ಸದ್ದು ಸಂಖ್ಯೆಯಾಗುವುದು ಹೇಗೆ ಎಂದು ನೀವು ಕೇಳಬಹುದು. ಜ್ವರ ಬಂದವರ ಮೈಶಾಖವನ್ನು ಗಂಟೆಗೊಮ್ಮೆ ಅಳೆದು ಬರೆದಿಟ್ಟರೆ ಜ್ವರದ ಏರಿಳಿತ ಕಾಗದದ ಮೇಲೆ ಸಿಗುತ್ತದೆಯಲ್ಲವೆ? ಹಾಗೆಯೇ ಧ್ವನಿಯ ಅಲೆಯನ್ನು ಮತ್ತೆ ಮತ್ತೆ ಅಳೆದು ಬರೆದಿಡುತ್ತಾರೆ. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ ನಡೆಯುತ್ತದೆ. 1983ರಲ್ಲಿ 'ಮಿಡಿ' ಎಂಬ ಪದ್ಧತಿ ಬಂದು, ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದೇ ಭಾಷೆಯಲ್ಲಿ ಮಾತಾಡುವಂತಾಯಿತು.

ಸದ್ದು ಸಂಖ್ಯೆಯಾದ ಮೇಲೆ ಅದನ್ನು ಕತ್ತರಿಸುವುದು, ಅಂಟಿಸುವುದು ಸುಲಭ. ಬೇರೆಯವರ ಧ್ವನಿಮುದ್ರಿಕೆಯಿಂದ ಒಂದು ತುಣುಕನ್ನು ತೆಗೆದು ಹೊಸ ಹಾಡಿನಲ್ಲಿ ಕೂಡಿಸುವುದಕ್ಕೆ 'ಸ್ಯಾಂಪಲ್' ಎಂದು ಹೆಸರು. ನ್ಯೂಯಾರ್ಕಿನ ಬಡ ಕೇರಿಗಳ ತರುಣರು, ವಾದ್ಯ ಕೊಳ್ಳಲು ಹಣವಿಲ್ಲದವರು, ಹಳೆಯ ಗ್ರಾಮಫೋನ್ ತಟ್ಟೆಗಳಿಂದಲೇ ಹೊಸ ಸಂಗೀತ ಕಟ್ಟಿದ್ದರು. ಈ ಕಲೆ ಅವರ ಕೈಯಲ್ಲಿ ಬೆಳೆಯಿತು. ಆದರೆ ತುಣುಕಿನ ಮೂಲ ಒಡೆಯರಿಗೆ ಏನು ಸಂದಿತು? ಅನೇಕ ಸಲ ಏನೂ ಇಲ್ಲ.

1991ರ ಡಿಸೆಂಬರಿನಲ್ಲಿ ಈ ಪ್ರಶ್ನೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಬಿಜ್ ಮಾರ್ಕಿ ಎಂಬ ರ‍್ಯಾಪ್ ಗಾಯಕರು ಗಿಲ್ಬರ್ಟ್ ಓ'ಸಲ್ಲಿವನ್ ಅವರ ಹಾಡಿನ ತುಣುಕನ್ನು ಒಪ್ಪಿಗೆ ದೊರೆಯದೆಯೇ ಬಳಸಿದ್ದರು. ನ್ಯಾಯಾಧೀಶರು ತಮ್ಮ ತೀರ್ಪನ್ನು ಆರಂಭಿಸಿದ್ದೇ ಕಳವು ಮಾಡಬಾರದೆಂಬ ಬೈಬಲ್ಲಿನ ಆಜ್ಞೆಯಿಂದ. ಅಲ್ಲಿಂದ ಮುಂದೆ ತುಣುಕು ತೆಗೆಯಬೇಕಾದರೆ ಮೊದಲು ಅನುಮತಿ, ಆಮೇಲೆ ಹಣ ಎಂಬುದು ನಿಯಮದಂತೆ ಆಯಿತು. ಇದಕ್ಕೆ ಇನ್ನೊಂದು ಮುಖವೂ ಇದೆ. ಮೂಲ ಒಡೆಯರಿಗೆ ನ್ಯಾಯ ದೊರೆಯಿತು. ಆದರೆ ಆ ಕಲೆಯನ್ನು ಬೆಳೆಸಿದ ಬಡ ತರುಣರಿಗೇ ಅದು ದುಬಾರಿಯಾಯಿತು. ಹಣವಿದ್ದ ದೊಡ್ಡ ತಂಡಗಳಿಗೆ ಅದು ಸುಲಭವಾಗಿ ಉಳಿಯಿತು.

ಒಂದು ಕಾಗದ, ಒಂದು ಉತ್ತರ

ಕೋಲ್ಡ್‌ಪ್ಲೇ ಇಂಥ ಒಂದು ದೊಡ್ಡ ತಂಡ. ಅವರ ನಡೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2005ರಲ್ಲಿ ಅವರು 'ಟಾಕ್' ಎಂಬ ಹಾಡಿನಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 1981ರ ಹಾಡಿನ ಒಂದು ಸ್ವರಸಂಚಾರವನ್ನು ಗಿಟಾರಿನಲ್ಲಿ ನುಡಿಸಬಯಸಿದರು. ಯಂತ್ರಸಂಗೀತದ ಹಿರಿಯರೆಂದರೆ ಕ್ರಾಫ್ಟ್‌ವರ್ಕ್. ಗಾಯಕ ಕ್ರಿಸ್ ಮಾರ್ಟಿನ್ ತಮ್ಮ ಅರೆಬರೆ ಶಾಲಾ ಜರ್ಮನ್ನಿನಲ್ಲಿ ಒಂದು ಕಾಗದ ಬರೆದು ಅನುಮತಿ ಬೇಡಿದರು. ಕೆಲವು ವಾರಗಳ ನಂತರ ಬಂದ ಲಕೋಟೆಯೊಳಗೆ ಕೈಬರಹದ ಒಂದೇ ಪದ ಇತ್ತು: ಆಗಲಿ. ಹಾಡಿನ ರಚನಕಾರರ ಸಾಲಿನಲ್ಲಿ ಆ ಜರ್ಮನ್ನರ ಹೆಸರುಗಳೂ ಸೇರಿದವು.

'ಪ್ರಿನ್ಸೆಸ್ ಆಫ್ ಚೈನಾ'ದಲ್ಲಿಯೂ ಇಂಥ ಎರವಲು ಇದೆ. ಐಸ್‌ಲ್ಯಾಂಡಿನ ಸಿಗುರ್ ರೋಸ್ ತಂಡದ 2005ರ 'ತಕ್' ಎಂಬ ಧ್ವನಿಮುದ್ರಿಕೆಯ ತುಣುಕೊಂದು ಇದರಲ್ಲಿ ಸೇರಿದೆ, ಮತ್ತು ಅದನ್ನು ಆಲ್ಬಮ್ಮಿನ ವಿವರಗಳಲ್ಲಿ ಒಪ್ಪಿ ಹೇಳಿದೆ. 'ತಕ್' ಎಂದರೆ ಐಸ್‌ಲ್ಯಾಂಡಿನ ಭಾಷೆಯಲ್ಲಿ ಧನ್ಯವಾದ. ಮದುವೆಗೆ ಎರವಲು ತಂದ ಒಡವೆಯನ್ನು ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ಕೊಟ್ಟವರ ಹೆಸರನ್ನು ಮರೆಮಾಚುವುದು ತಪ್ಪು.

ಈಗ ಎಣಿಸಿ ನೋಡಿ: ತಂಡದ ನಾಲ್ವರು, ಬಾರ್ಬಡೋಸಿನ ಗಾಯಕಿ, ಐಸ್‌ಲ್ಯಾಂಡಿನ ತಂಡ, ನಿರ್ಮಾಪಕರು, ಈನೋ. ಇವರ ಹಿಂದೆ ಮೂಗ್, ಮೊರೋಡರ್. 2012ರ ಫೆಬ್ರುವರಿಯಲ್ಲಿ ಲಾಸ್ ಏಂಜಲಿಸ್ ನಗರದ ಗ್ರ್ಯಾಮಿ ಸಮಾರಂಭದಲ್ಲಿಯೂ, ಅದೇ ವರ್ಷ ಸೆಪ್ಟೆಂಬರ್ 9ರಂದು ಲಂಡನ್ನಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಸಮಾರೋಪದಲ್ಲಿಯೂ ಕೋಲ್ಡ್‌ಪ್ಲೇ ಮತ್ತು ರಿಹಾನಾ ಈ ಹಾಡನ್ನು ಕೂಡಿ ಹಾಡಿದರು. ವೇದಿಕೆಯ ಮೇಲೆ ಕಂಡವರು ಐವರು. ಹಾಡಿನ ಒಳಗಿದ್ದವರು ಅದಕ್ಕಿಂತ ಬಹಳ ಹೆಚ್ಚು.

ವೇಷಕ್ಕೆ ಒಡೆಯರು ಯಾರು?

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ 2012ರಲ್ಲಿ ಬಂದ ಈ ಹಾಡಿನ ದೃಶ್ಯರೂಪ ಬೇರೆಯೇ ಚರ್ಚೆಯನ್ನು ಎಬ್ಬಿಸಿತು. ಹೆಸರಿನಲ್ಲಿ ಚೀನಾ ಇದ್ದರೂ ತೆರೆಯ ಮೇಲೆ ಚೀನಾ, ಜಪಾನ್ ಮೊದಲಾದ ನಾಡುಗಳ ಉಡುಪು, ಆಯುಧ, ಚಿತ್ರಗಳು ಒಟ್ಟಾಗಿ ಬೆರೆತಿದ್ದವು. ಪೂರ್ವದ ದೇಶಗಳೆಲ್ಲ ಒಂದೇ ಎಂದು ತಿಳಿದಂತಿದೆ ಎಂದು ವಿಮರ್ಶಕರು ಆಕ್ಷೇಪಿಸಿದರು. ಇದೇ ತಂಡ ಬಿಯಾನ್ಸೆಯವರ ಜೊತೆ ಮಾಡಿದ 'ಹಿಮ್ ಫಾರ್ ದಿ ವೀಕೆಂಡ್' ಹಾಡಿನ ದೃಶ್ಯರೂಪ 2016ರಲ್ಲಿ ಬಂದಿತು; ಅದರ ಚಿತ್ರೀಕರಣ ಮುಂಬಯಿಯಲ್ಲಿ ನಡೆದಿತ್ತು. ಅದರಲ್ಲಿ ಸಾಧುಗಳು, ಹೋಳಿಯ ಬಣ್ಣ, ಬೀದಿಯ ಮಕ್ಕಳು ಇದ್ದರು. ನಮ್ಮ ದೇಶದಲ್ಲಿಯೇ ಕೆಲವರಿಗೆ ಅದು ಇಷ್ಟವಾಯಿತು. ಭಾರತವೆಂದರೆ ಇಷ್ಟೇ ಏನು ಎಂದು ಕೆಲವರು ಕೇಳಿದರು.

ಒಂದು ತುಣುಕು ಸದ್ದು ತೆಗೆದುಕೊಂಡರೆ ಕಾಗದ ಬರೆಯಬೇಕು, ಹೆಸರು ಹಾಕಬೇಕು, ಹಣ ಕೊಡಬೇಕು. ಒಂದು ನಾಡಿನ ಹಬ್ಬವನ್ನು, ವೇಷವನ್ನು ತೆಗೆದುಕೊಂಡರೆ ಕಾಗದವನ್ನು ಯಾರ ವಿಳಾಸಕ್ಕೆ ಬರೆಯುವುದು? ಈ ಪ್ರಶ್ನೆಗೆ ಯಾವ ನ್ಯಾಯಾಲಯವೂ ಉತ್ತರ ಕೊಟ್ಟಿಲ್ಲ. ಅದನ್ನು ತೂಗಿ ನೋಡುವ ಕೆಲಸ ಪ್ರೇಕ್ಷಕರಾದ ನಮ್ಮದು.

ನಮ್ಮ ಮನೆಯ ಬಾಗಿಲಿಗೆ

ಈ ವಿಷಯ ದೂರದೇಶದ್ದೆಂದು ತಿಳಿಯಬೇಡಿ. ಆ ಹಾಡು ಸಿಂಗಲ್ ಆಗಿ ಹೊರಬಂದ 2012ರಲ್ಲಿಯೇ ನಮ್ಮ ಸಂಸತ್ತು 1957ರ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದಿತು. ಅದುವರೆಗೆ ಚಲನಚಿತ್ರದ ಹಾಡು ಬರೆದವರೂ ರಾಗ ಹಾಕಿದವರೂ ಸಾಮಾನ್ಯವಾಗಿ ಒಮ್ಮೆ ಸಂಭಾವನೆ ಪಡೆದು ಹಕ್ಕನ್ನೆಲ್ಲ ಬರೆದುಕೊಡುತ್ತಿದ್ದರು. ತಿದ್ದುಪಡಿಯ ನಂತರ, ಚಿತ್ರಮಂದಿರದ ಹೊರಗೆ ಆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಅವರ ಪಾಲನ್ನು ಬರೆದುಕೊಡಲು ಅವಕಾಶವಿಲ್ಲ. ಕನ್ನಡದ ಗೀತರಚನಕಾರರಿಗೂ ಅನ್ವಯಿಸುವ ಹಕ್ಕು ಇದು.

ಈಗ ಯಂತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಹಾಡಿನ ತುಣುಕನ್ನಲ್ಲ, ಹಾಡುವ ಕೊರಳನ್ನೇ ಅದು ಅನುಕರಿಸಬಲ್ಲದು. 2024ರ ತಮಿಳು ಚಿತ್ರ 'ಲಾಲ್ ಸಲಾಂ'ನ ಒಂದು ಹಾಡಿಗೆ ಎ. ಆರ್. ರೆಹಮಾನ್ ಅವರು ತೀರಿಕೊಂಡಿದ್ದ ಇಬ್ಬರು ಗಾಯಕರ ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ಮರಳಿ ತಂದರು. ಆ ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟಿರುವುದಾಗಿ ಹೇಳಿದರು. ಯಂತ್ರ ಹೊಸದು, ಪ್ರಶ್ನೆ ಮಾತ್ರ ಹಳೆಯದೇ: ಕೇಳಿ ತಂದೆಯೋ, ಕೇಳದೆ ತಂದೆಯೋ?

ವಿದ್ಯಾರ್ಥಿಗಳೇ, ಯಂತ್ರ ಬಂದಾಗಲೆಲ್ಲ ಸಂಗೀತ ಸತ್ತಿತು ಎಂದವರಿದ್ದರು, ಅದು ಸಾಯಲಿಲ್ಲ. ಹಾಡಿಗೆ ನಿಜವಾಗಿ ಪೆಟ್ಟು ಬೀಳುವುದು ಅದನ್ನು ಕಟ್ಟಿದವರ ಹೆಸರು ಅಳಿಸಿಹೋದಾಗ. ನಿಮಗೆ ಇಷ್ಟವಾದ ಒಂದು ಹಾಡನ್ನು ಆರಿಸಿಕೊಳ್ಳಿ. ಬರೆದವರು, ರಾಗ ಹಾಕಿದವರು, ನುಡಿಸಿದವರು, ಹಾಡಿದವರು, ಧ್ವನಿ ಮುದ್ರಿಸಿದವರು ಯಾರು ಎಂದು ಹುಡುಕಿ ಒಂದು ಹಾಳೆಯ ಮೇಲೆ ಬರೆಯಿರಿ. ಯಾವ ಹೆಸರು ಸಿಗಲಿಲ್ಲವೋ ಅಲ್ಲಿ ಜಾಗ ಖಾಲಿ ಬಿಡಿ. ಆ ಖಾಲಿ ಜಾಗಗಳನ್ನು ಕಂಡಾಗ, ಕಲ್ಲು ಕಂಡರಿಸಿದವನ ಹೆಸರು ಇಲ್ಲದ ಶಾಸನದ ಮುಂದೆ ಇತಿಹಾಸಕಾರ ಏಕೆ ಅಷ್ಟು ಹೊತ್ತು ನಿಲ್ಲುತ್ತಾನೆ ಎಂಬುದು ನಿಮಗೆ ತಿಳಿದೀತು.