ಸೋತ ಅಡ್ಮಿರಲ್‌ನ ಕೊನೆಯ ಪುಟ

ಬರೀ ನಷ್ಟವೇ ತುಂಬಿರುವ ಲೆಡ್ಜರನ್ನು ಯಾರೂ ಎರಡನೇ ಸಲ ತಿರುವಿ ಹಾಕುವುದಿಲ್ಲ. ಇಟಲಿಯ ಅಡ್ಮಿರಲ್ ಇನಿಗೋ ಕಾಂಪಿಯೋನಿಯ ಬದುಕೂ ಹೆಚ್ಚುಕಮ್ಮಿ ಅಂಥದ್ದೇ. ಆದರೆ ಕೊನೆಯ ಪುಟ ನೋಡದೆ ಖಾತೆ ಮುಚ್ಚಬಾರದು ನೋಡಿ.

ಈತ ಹುಟ್ಟಿದ್ದು 1878ರಲ್ಲಿ, ವಿಯಾರೆಜ್ಜೋ ಎಂಬ ಕಡಲತೀರದ ಊರಿನಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಡೆಸ್ಟ್ರಾಯರ್ ಹಡಗು ನಡೆಸಿ ಪದಕ ಪಡೆದ. 1940ರ ಜೂನ್‌ನಲ್ಲಿ ಇಟಲಿ ಮತ್ತೆ ಯುದ್ಧಕ್ಕಿಳಿದಾಗ ದೊಡ್ಡ ಯುದ್ಧನೌಕೆಗಳ ಪಡೆ ಇವನ ಕೈಯಲ್ಲಿತ್ತು.

ಆ ವರ್ಷ ಮಾತ್ರ ಬರೀ ಖರ್ಚಿನದು. ಜುಲೈ 9ರಂದು ಪುಂತಾ ಸ್ತಿಲೋ ಬಳಿ ಬ್ರಿಟಿಷರ ವಾರ್‌ಸ್ಪೈಟ್ ಸುಮಾರು 24 ಕಿಲೋಮೀಟರ್ ದೂರದಿಂದ ಹಾರಿಸಿದ ಗುಂಡು ಇವನ ಜೂಲಿಯೋ ಚೇಸರೆ ನೌಕೆಗೆ ಬಡಿಯಿತು. ಕಾಂಪಿಯೋನಿ ಹಿಂದೆ ಸರಿದ. ನವೆಂಬರ್ 11ರ ರಾತ್ರಿ ತಾರಾಂತೋ ಬಂದರಿನಲ್ಲಿ 21 ಹಳೇ ಕಾಲದ ಸ್ವೋರ್ಡ್‌ಫಿಶ್ ವಿಮಾನಗಳು ಮೂರು ಯುದ್ಧನೌಕೆಗಳನ್ನು ಹೊಡೆದವು. ಅದೇ ತಿಂಗಳ 27ರಂದು ಸ್ಪಾರ್ತಿವೆಂತೋದಲ್ಲಿ ಇನ್ನೊಮ್ಮೆ ಹಿಂದೆ ಸರಿದ. ಹಡಗು ಕಳೆದುಕೊಳ್ಳಬೇಡ ಎಂಬ ಆಜ್ಞೆ ಮೇಲಿನಿಂದಲೇ ಇತ್ತು; ಅಂಜುಬುರುಕ ಎಂಬ ಹೆಸರು ಮಾತ್ರ ಇವನಿಗೆ ಬಂತು. ಡಿಸೆಂಬರ್‌ನಲ್ಲಿ ಆ ಕುರ್ಚಿಯಲ್ಲಿ ಯಾಕಿನೋ ಕೂತ.

1941ರಲ್ಲಿ ಕಾಂಪಿಯೋನಿ ಏಜಿಯನ್ ಸಮುದ್ರದ ಇಟಾಲಿಯನ್ ದ್ವೀಪಗಳ ಗವರ್ನರ್ ಆಗಿ ರೋಡ್ಸ್‌ಗೆ ಹೋದ. 1943ರ ಸೆಪ್ಟೆಂಬರ್ 8ರಂದು ಇಟಲಿ ಕದನವಿರಾಮ ಘೋಷಿಸಿತು. ನಿನ್ನೆಯ ಮಿತ್ರರಾದ ಜರ್ಮನರು ದ್ವೀಪದ ಮೇಲೆ ಎರಗಿದರು. ಸಂಖ್ಯೆಯಲ್ಲಿ ಇಟಲಿಯವರೇ ಬಹಳ ಹೆಚ್ಚಿದ್ದರೂ 11ರಂದು ಕಾಂಪಿಯೋನಿ ಶರಣಾದ. ಇನ್ನೊಂದು ಸೋಲು!

ಆದರೆ ಜರ್ಮನರು "ನಮ್ಮ ಜೊತೆ ಸೇರು" ಎಂದಾಗ ಆಗಲ್ಲ ಎಂದುಬಿಟ್ಟ. ಅವರು ಅವನನ್ನು ಸೆರೆಯಲ್ಲಿಟ್ಟು, ಆಮೇಲೆ ಉತ್ತರ ಇಟಲಿಯಲ್ಲಿ ಮುಸೊಲಿನಿ ಹೊಸದಾಗಿ ಕಟ್ಟಿದ್ದ ಸರ್ಕಾರದ ಕೈಗೆ ಒಪ್ಪಿಸಿದರು. ಪಾರ್ಮಾದಲ್ಲಿ ವಿಚಾರಣೆ ನಡೆಯಿತು, ಮರಣದಂಡನೆಯೂ ಆಯಿತು. ಈ ಸರ್ಕಾರವೇ ನಿಜವಾದದ್ದು ಎಂದು ಒಪ್ಪಿಕೊಂಡರೆ ಕ್ಷಮೆ ಸಿಗುತ್ತಿತ್ತು. ಒಂದೇ ಒಂದು ಮಾತು. ಆಡಲಿಲ್ಲ.

1944ರ ಮೇ 24ರಂದು ಅವನಿಗೆ ಗುಂಡಿಕ್ಕಿದರು. ಜೊತೆಯಲ್ಲೇ ಗುಂಡಿಗೆ ಬಲಿಯಾದವನು ಅಡ್ಮಿರಲ್ ಲುಯಿಜಿ ಮಾಸ್ಕೆರ್ಪಾ. ಅವನು ಲೇರೋಸ್ ದ್ವೀಪದಲ್ಲಿ ನವೆಂಬರ್ 16ರ ತನಕ ಕಾದಾಡಿದವನು. ಮೂರು ದಿನಕ್ಕೆ ಶರಣಾದವನಿಗೂ ಎರಡು ತಿಂಗಳು ಹೋರಾಡಿದವನಿಗೂ ಒಂದೇ ಶಿಕ್ಷೆ. ಯುದ್ಧದ ನಂತರ ಇಬ್ಬರಿಗೂ ಇಟಲಿಯ ಅತ್ಯುನ್ನತ ಶೌರ್ಯಪದಕವಾದ ಚಿನ್ನದ ಪದಕ ಸಂದಿತು.

ವರ್ಷಗಟ್ಟಲೆ ಜನರ ಖಾತೆ ನೋಡಿದ ನನಗೆ ಇದು ಬಹಳ ದಿನ ತಲೆಯಲ್ಲಿ ಕೂತಿತ್ತು. ಕಡಲಲ್ಲಿ ಎಚ್ಚರಿಕೆಯಿಂದ ಹೆಜ್ಜೆ ಇಟ್ಟವನು ಅಂಜುಬುರುಕನೇ ಆಗಿದ್ದರೆ, ಪಾರ್ಮಾದಲ್ಲಿ ಆ ಒಂದು ಮಾತು ಆಡಿ ಮನೆಗೆ ಹೋಗುತ್ತಿದ್ದ. ಅಲ್ಲವೇ?